ಮೈ ಬಲಿಯುವ ಮೊದಲೇ ಗಬ್ಬವಾದ ಕಡಸು: ಇಳಿಸಬೇಕೇ, ಉಳಿಸಬೇಕೇ, ಉಳಿಸಿದರೆ ಸಾಕುವುದು ಹೇಗೆ

ಬೆಂಗಳೂರಿನ ಸುತ್ತಮುತ್ತ ಈಗ ಹತ್ತು ತಿಂಗಳ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಹಾಲಿನ ತಳಿ) ಕ್ರಾಸ್ ಕಡಸು ಬೆದೆಗೆ ಬಂದರೆ ಯಾರೂ ಬೆರಗಾಗುವುದಿಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ಮಾಗಡಿ ಕಡೆ ಕರುಗಳಿಗೆ ಮೊದಲಿನಂತಲ್ಲದೆ ಹೊಟ್ಟೆ ತುಂಬ ಹಾಲು ಸಿಗುತ್ತಿದೆ, ಮೂರನೇ ತಿಂಗಳಿಂದ ಫೀಡ್ ಬೀಳುತ್ತಿದೆ. ಮೈ ಬೇಗ ತುಂಬಿದ ಕರುವಿಗೆ ಬೆದೆಯೂ ಬೇಗ. ಮೊದಲ ಬೆದೆಯನ್ನು ತರುವುದು ವಯಸ್ಸಿಗಿಂತ ಹೆಚ್ಚಾಗಿ ತೂಕ. ದೊಡ್ಡ ದನದ ತೂಕದ ಅರ್ಧದ ಹತ್ತಿರ ಬಂದ ಕಡಸು ಬೆದೆಗೆ ಬರುತ್ತದೆ, ಆಗ ಅದಕ್ಕೆ ಎಂಟು ತಿಂಗಳಾಗಿದ್ದರೂ ಸರಿ. ನಮ್ಮ ಹಿರಿಯರ ಲೆಕ್ಕ ಹಳ್ಳಿಕಾರ್ ಕಡಸಿನದು, ಎರಡೂವರೆ ಮೂರು ವರ್ಷ ಕಾದರೂ ಅವಸರವಿಲ್ಲದ ತಳಿ ಅದು. ಅದೇ ಲೆಕ್ಕದಲ್ಲಿ ಕ್ರಾಸ್ ಕಡಸನ್ನು ಖಾಲಿ ಸೈಟುಗಳಲ್ಲಿ, ಒಣಗಿದ ಕೆರೆಯಂಗಳದಲ್ಲಿ ಮೇಯಲು ಬಿಟ್ಟರೆ, ಊರಿಗೆ ಬಿಟ್ಟ ಬಸವ ಅಲ್ಲೇ ಎಲ್ಲೋ ಇರುತ್ತಾನೆ. ಬಸವನೂ ಬೇಕಿಲ್ಲ, ಅದೇ ಕೊಟ್ಟಿಗೆಯಲ್ಲಿ ಜೊತೆಗೆ ಬೆಳೆದ ಎಂಟು ತಿಂಗಳ ಗಂಡುಗರು ಸಾಕು.

ಮಾಂಸಕ್ಕಾಗಿ ದನ ಸಾಕುವ ಅಮೆರಿಕ, ಆಸ್ಟ್ರೇಲಿಯದ ರಾಂಚ್‌ಗಳಲ್ಲಿ ಇದು ಹಳೆಯ ತಲೆನೋವು. ಅಲ್ಲಿ ಕರುಗಳು ಆರೇಳು ತಿಂಗಳವರೆಗೆ ತಾಯಿಯ ಜೊತೆ, ಹೋರಿಯಿರುವ ಹಿಂಡಿನಲ್ಲೇ ಓಡಾಡುತ್ತವೆ. ಆಂಗಸ್, ಸಿಮೆಂಟಾಲ್‌ನಂಥ ಬೇಗ ಬಲಿಯುವ ತಳಿಗಳಲ್ಲಿ ಕೆಲವು ತಾಯಿಯ ಹಾಲು ಬಿಡುವ ಮುಂಚೆಯೇ ಗಬ್ಬವಾಗಿರುತ್ತವೆ. ಗಬ್ಬ ಇಳಿಸಿ, ಕೊಬ್ಬಿಸಿ, ಮಾಂಸಕ್ಕೆ ಕಳಿಸುವುದು ಅಲ್ಲಿನವರಿಗೆ ಸುಲಭದ ದಾರಿ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆಯಿರುವುದರಿಂದ ಆ ದಾರಿ ನಮಗಿಲ್ಲ. ಇಲ್ಲಿ ಕಡಸು ಮುಂದೆ ಹಾಲು ಕೊಡುವ ಹಸುವಾಗಲೇಬೇಕು, ಇಲ್ಲದಿದ್ದರೆ ಅದು ಕೊಟ್ಟಿಗೆಗೆ ಹೊರೆ. ಹಾಗಾಗಿ ಈ ಮಾರ್ಗದರ್ಶಿ ಹಾಲಿನ ಕ್ರಾಸ್ ಕಡಸುಗಳ ಬಗ್ಗೆ. ಶರೀರದ ಲೆಕ್ಕ ಎರಡು ಕಡೆಯೂ ಒಂದೇ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಗಬ್ಬ ಎಷ್ಟು ತಿಂಗಳದು ಎಂಬುದು. ನಾಲ್ಕು ತಿಂಗಳ ಒಳಗಿದ್ದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಅದು ದಾಟಿದರೆ ಹೆಚ್ಚುಕಡಿಮೆ ಒಂದೇ. ಕೆಳಗೆ ಮೊದಲು ಹೇಳುವ ಎರಡು ಸಂದರ್ಭ ಬಿಟ್ಟರೆ, ಈ ಒಂದು ವಿಷಯಕ್ಕಾಗಿ ಡಾಕ್ಟರನ್ನು ಈ ವಾರವೇ ಕರೆಸಿ, ಮುಂದಿನ ತಿಂಗಳು ಬೇಡ.

ಹೋರಿ ಹಾರಿದ್ದು ನಿನ್ನೆ ಮೊನ್ನೆಯಾದರೆ

ಕಣ್ಣಾರೆ ಕಂಡಿದ್ದರೆ ಮೊದಲ ಕೆಲಸ ತಾರೀಖು ಬರೆಯುವುದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಮೇಲೆ ಸುತ್ತು ಹಾಕಿದರೂ ಸಾಕು. ಎರಡನೆಯದು, ಅದೇ ದಿನ ಇಂಜೆಕ್ಷನ್ ಹಾಕಿಸಲು ಓಡದಿರುವುದು. ಗಬ್ಬ ಇಳಿಸಲು ಬಳಸುವ ಪ್ರೋಸ್ಟಾಗ್ಲಾಂಡಿನ್ ಔಷಧಿ ಕೆಲಸ ಮಾಡುವುದು ಅಂಡಾಶಯದ ಮೇಲೆ ಬೆಳೆಯುವ ಕಾರ್ಪಸ್ ಲೂಟಿಯಂ ಎಂಬ ಗಂಟಿನ ಮೇಲೆ. ಗಬ್ಬವನ್ನು ಹಿಡಿದಿಡುವ ಹಾರ್ಮೋನು ಬರುವುದು ಆ ಗಂಟಿನಿಂದ. ಬೆದೆಯಾದ ಮೊದಲ ಐದಾರು ದಿನ ಆ ಗಂಟು ಇನ್ನೂ ಎಳೆಯದು, ಔಷಧಿಗೆ ಜಗ್ಗುವುದಿಲ್ಲ. ಅವಸರದಲ್ಲಿ ಮರುದಿನವೇ ಚುಚ್ಚಿಸಿದರೆ ದುಡ್ಡು ಹೋಗುತ್ತದೆ, ಗಬ್ಬ ಉಳಿಯುತ್ತದೆ, ‘ಇಂಜೆಕ್ಷನ್ ಆಗಿದೆಯಲ್ಲ’ ಎಂಬ ಧೈರ್ಯದಲ್ಲಿ ಐದು ತಿಂಗಳು ಕಳೆದುಹೋಗುತ್ತದೆ. ಹಾರಿದ ಹತ್ತು ಹದಿನೈದು ದಿನಕ್ಕೆ ಡಾಕ್ಟರ್ ಕೈಯಲ್ಲಿ ಹಾಕಿಸಿದರೆ ಎರಡರಿಂದ ಐದು ದಿನದಲ್ಲಿ ಕಡಸು ಮತ್ತೆ ಬೆದೆಗೆ ಬರುತ್ತದೆ. ಆ ಬೆದೆಯಲ್ಲಿ ಅದನ್ನು ಗಟ್ಟಿಯಾಗಿ ಕಟ್ಟಿಹಾಕಿ. ಅದೇ ಬಸವ ಮತ್ತೆ ಬಂದರೆ ಕಥೆ ಮೊದಲಿನಿಂದ.

ಹೋರಿ ತಿಂಗಳುಗಟ್ಟಲೆ ಜೊತೆಯಲ್ಲೇ ಇದ್ದು ಯಾವಾಗ ಹಾರಿತೋ ಗೊತ್ತಿಲ್ಲದಿದ್ದರೆ, ಮೊದಲು ಹೋರಿಯನ್ನು ಬೇರೆ ಮಾಡಿ. ಎರಡು ವಾರ ಬಿಟ್ಟು ಪರೀಕ್ಷೆಗೆ, ಚಿಕಿತ್ಸೆಗೆ ಕರೆಸಿ. ನಿನ್ನೆಯ ಗಬ್ಬ ಇದ್ದರೂ ಅಷ್ಟರಲ್ಲಿ ಔಷಧಿಗೆ ಸಿಗುವಷ್ಟು ದಿನ ಕಳೆದಿರುತ್ತದೆ.

ಗಬ್ಬ ಹೌದೋ ಅಲ್ಲವೋ, ಹೌದಾದರೆ ಎಷ್ಟು ತಿಂಗಳು

ಹೊಟ್ಟೆ ನೋಡಿ ಹೇಳುವವರನ್ನು ನಂಬಬೇಡಿ. ಒಣಹುಲ್ಲು ತಿನ್ನುವ ಕಡಸಿಗೆಲ್ಲ ಹೊಟ್ಟೆ ದಪ್ಪವೇ. ಬೆದೆ ನಿಂತಿದೆ ಎಂಬುದೂ ಪೂರ್ತಿ ಸಾಕ್ಷಿಯಲ್ಲ. ಚಿಕ್ಕ ಕಡಸುಗಳ ಬೆದೆ ಮೊದಮೊದಲು ಹಿಂದುಮುಂದಾಗುತ್ತದೆ, ಖನಿಜ ಕೊರತೆಯಿದ್ದರೆ ಬೆದೆಯ ಗುರುತೇ ಕಾಣದೆ ಹೋಗುತ್ತದೆ. ಗುದದ್ವಾರದಲ್ಲಿ ಕೈಹಾಕಿ ನೋಡುವ ಪರೀಕ್ಷೆಯನ್ನು ಪಳಗಿದ ಡಾಕ್ಟರ್ ಒಂದೂವರೆ, ಎರಡು ತಿಂಗಳ ಗಬ್ಬಕ್ಕೆ ಖಚಿತವಾಗಿ ಹೇಳುತ್ತಾರೆ. ಸ್ಕ್ಯಾನಿಂಗ್ ಯಂತ್ರವಿದ್ದರೆ ಒಂದು ತಿಂಗಳಿಗೇ ಗೊತ್ತಾಗುತ್ತದೆ. ಹತ್ತು ತಿಂಗಳ ಕಡಸಿನ ಗುದನಾಳ ಇಕ್ಕಟ್ಟಾಗಿರುವುದರಿಂದ ಸಣ್ಣ ಕೈಯ ಡಾಕ್ಟರ್ ಸಿಕ್ಕರೆ ಕಡಸಿನ ಪುಣ್ಯ. ಎಲ್ಲರೂ ಸೇರಿ ಅದನ್ನು ನೆಲಕ್ಕೊತ್ತಿ ಹಿಡಿಯುವ ಬದಲು ಟ್ರೆವಿಸ್‌ನಲ್ಲಿ (ದನವನ್ನು ಅಲುಗದಂತೆ ನಿಲ್ಲಿಸುವ ಕಂಬಗಳ ಚೌಕಟ್ಟು) ನಿಲ್ಲಿಸಿ.

ಪರೀಕ್ಷೆ ಮಾಡಿಸುವಾಗಲೇ ಇನ್ನೊಂದು ಪ್ರಶ್ನೆ ಕೇಳಿಬಿಡಿ: ‘ಸೊಂಟದ ಮೂಳೆಯ ದಾರಿ ಹೇಗಿದೆ ಸಾರ್?’ ಕೈ ಒಳಗಿರುವಾಗ ಅವರಿಗೆ ಅದರ ಅಂದಾಜು ಸಿಗುತ್ತದೆ. ಕೊನೆಗೆ ಕರು ಹೊರಬರಬೇಕಾದದ್ದು ಆ ದಾರಿಯಲ್ಲೇ.

ಸಂತೆಯಿಂದ ತಂದ ಕಡಸಾದರೆ ಮಾರಿದವರು ಹೇಳಿದ ವಯಸ್ಸಿಗಿಂತ ಹಲ್ಲಿಗೆ ಬೆಲೆ ಕೊಡಿ. ಮುಂದಿನ ಎಲ್ಲ ಹಲ್ಲೂ ಹಾಲುಹಲ್ಲೇ ಆಗಿದ್ದರೆ ಕ್ರಾಸ್ ಕಡಸಿಗೆ ಎರಡು ವರ್ಷ ತುಂಬಿಲ್ಲವೆಂದೇ ಹಿಡಿಯಿರಿ. ಇನ್ನೊಂದು ಗುರುತು ಮೊಲೆಯದು. ನಾಲ್ಕೈದು ತಿಂಗಳ ಗಬ್ಬದ ಹೊತ್ತಿಗೆ ಕಡಸಿನ ಕೆಚ್ಚಲು ಮೆಲ್ಲಗೆ ತುಂಬಿಕೊಳ್ಳುತ್ತದೆ, ಮೊಲೆಯಲ್ಲಿ ಜೇನಿನಂತೆ ಅಂಟುವ ದ್ರವ ಕಾಣುತ್ತದೆ. ಅದನ್ನು ನೋಡಲೆಂದು ದಿನಾ ಹಿಚುಕಬೇಡಿ. ಮೊಲೆಯ ತುದಿಯಲ್ಲಿ ಕಟ್ಟಿಕೊಂಡಿರುವ ಬಿರಡೆ ಕಿತ್ತುಬಂದರೆ ಕೆಚ್ಚಲು ಬಾವು ರೋಗಕ್ಕೆ ಬಾಗಿಲು ತೆರೆದ ಹಾಗೆ. ಆ ದ್ರವ ಕಂಡಿತೆಂದರೆ ಇಳಿಸುವ ಕಾಲ ಬಹುಪಾಲು ಮುಗಿದಿದೆ.

ಟೇಪ್ ಹಿಡಿದು ತೂಕ ನೋಡುವುದು

ವೇಬ್ರಿಡ್ಜ್ ಇಲ್ಲದವರಿಗೆ ದರ್ಜಿಯ ಟೇಪ್ ಸಾಕು. ಕಡಸನ್ನು ಸಮನೆಲದ ಮೇಲೆ, ನಾಲ್ಕೂ ಕಾಲು ಚೌಕವಾಗಿರುವಂತೆ, ತಲೆ ನೇರವಾಗಿ ನಿಲ್ಲಿಸಿ. ಬೆಳಗ್ಗೆ ನೀರು, ಮೇವು ಹಾಕುವ ಮುಂಚೆ ಅಳೆದರೆ ಒಳ್ಳೆಯದು. ಮುಂಗಾಲಿನ ಹಿಂದೆ, ಮೊಣಕೈ ಹಿಂಬದಿಯಲ್ಲೇ ಎದೆಯ ಸುತ್ತ ಟೇಪ್ ಸುತ್ತಿ. ಕೂದಲು ಒತ್ತುವಷ್ಟು ಬಿಗಿ, ಚರ್ಮ ಮಡಿಯುವಷ್ಟು ಬೇಡ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯವರೆಗೆ ಉದ್ದ ನೋಡಿ. ಎರಡೂ ಇಂಚಿನಲ್ಲಿರಲಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಬರುತ್ತದೆ. ಸುತ್ತಳತೆ 52, ಉದ್ದ 45 ಇಂಚಾದರೆ ಸುಮಾರು 184 ಕಿಲೋ. 57, 49 ಆದರೆ ಸುಮಾರು 241. ಹತ್ತು ಹದಿನೈದು ಕಿಲೋ ಆಚೀಚೆ ಆದೀತು, ನಮ್ಮ ನಿರ್ಧಾರಕ್ಕೆ ಅದು ಅಡ್ಡಿಯಲ್ಲ. ದರ್ಜಿ ಟೇಪ್ 60 ಇಂಚಿಗೆ ಮುಗಿಯುತ್ತದೆ, ದೊಡ್ಡ ಹಸುವಿಗೆ ಸಾಲದು. ಅದಕ್ಕೆ ಹುರಿಯಿಂದ ಅಳೆದು ಆಮೇಲೆ ಹುರಿಯನ್ನು ಅಳೆಯಿರಿ.

ಲೆಕ್ಕಕ್ಕೆ ಬೇಕಾದ ಇನ್ನೊಂದು ಅಂಕಿ ದೊಡ್ಡ ಹಸುವಿನ ತೂಕ. ನಮ್ಮ ಕಡೆಯ ಎಚ್‌ಎಫ್ ಕ್ರಾಸ್ 400ರಿಂದ 450 ಕಿಲೋ, ಜರ್ಸಿ ಕ್ರಾಸ್ 300ರಿಂದ 350. ಕಡಸಿನ ತಾಯಿ ನಿಮ್ಮ ಮನೆಯಲ್ಲೇ ಇದ್ದರೆ ಅದನ್ನೇ ಅಳೆಯಿರಿ, ಅದಕ್ಕಿಂತ ಒಳ್ಳೆಯ ಅಂದಾಜಿಲ್ಲ. ಗಬ್ಬ ಕಟ್ಟಿಸುವಾಗ ಕಡಸು ದೊಡ್ಡ ತೂಕದ ನೂರಕ್ಕೆ 60–65 ಮುಟ್ಟಿರಬೇಕು: ಎಚ್‌ಎಫ್ ಕ್ರಾಸಿಗೆ 250–280 ಕಿಲೋ, ಜರ್ಸಿ ಕ್ರಾಸಿಗೆ 200–225. ಈಯುವ ಹೊತ್ತಿಗೆ ನೂರಕ್ಕೆ 80–85 ಇರಬೇಕು.

ಇಳಿಸುವುದೋ, ಉಳಿಸುವುದೋ

ಈಗ ಟೇಪಿನ ಲೆಕ್ಕದಲ್ಲಿ ಬಂದ ಆ ಎರಡು ಕಡಸುಗಳನ್ನೇ ಪಕ್ಕಪಕ್ಕ ನಿಲ್ಲಿಸಿ ನೋಡೋಣ. ಎರಡೂ ಎಚ್‌ಎಫ್ ಕ್ರಾಸ್, ತಾಯಿಯ ತೂಕ 420 ಕಿಲೋ, ಎರಡಕ್ಕೂ ಎರಡು ತಿಂಗಳ ಗಬ್ಬ. ಗಬ್ಬದ ಒಟ್ಟು ಅವಧಿ ಸುಮಾರು 280 ದಿನ, ಈಯಲು ಇನ್ನು 220 ದಿನ ಇದೆ.

ಮೊದಲನೆಯದಕ್ಕೆ ಹನ್ನೊಂದು ತಿಂಗಳು, 184 ಕಿಲೋ. ದಿನಕ್ಕೆ ಅರ್ಧ ಕಿಲೋ ಹಾಗೆ ಬೆಳೆದರೂ ಈಯುವಾಗ 294 ಕಿಲೋ. ಅದರಲ್ಲಿ ಕರು, ನೀರು, ಸತ್ತೆ (ಮಾಸು) ಸೇರಿ ಐವತ್ತು ಕಿಲೋಗೂ ಹೆಚ್ಚು ಹೊಟ್ಟೆಯೊಳಗಿನದು. ಕರು ಹಾಕಿದ ಮೇಲೆ ಉಳಿಯುವ ಕಡಸು 240 ಕಿಲೋ. ಮೂವತ್ತು ಕಿಲೋ ಕರುವನ್ನು ಆ ಸೊಂಟ ಹೊರತಳ್ಳಬೇಕು, ಆಮೇಲೆ ಹಾಲು ಕೊಡಬೇಕು, ಜೊತೆಗೆ ತಾನೂ ಬೆಳೆಯಬೇಕು. ನನ್ನ ಅಭಿಪ್ರಾಯ ನೇರ: ಇಳಿಸಿ.

ಎರಡನೆಯದಕ್ಕೆ ಹದಿನಾಲ್ಕು ತಿಂಗಳು, 241 ಕಿಲೋ. ದಿನಕ್ಕೆ 600 ಗ್ರಾಂ ಬೆಳೆಸಿದರೆ ಈಯುವ ಮುಂಚೆ 370 ದಾಟುತ್ತದೆ, ವಯಸ್ಸು ಇಪ್ಪತ್ತೊಂದು ತಿಂಗಳಾಗಿರುತ್ತದೆ. ಒಳ್ಳೆಯ ಮೇವಿದ್ದರೆ ಇದನ್ನು ಉಳಿಸಿಕೊಳ್ಳಬಹುದು. ‘ಬೇಗ’ ಎಂದು ಹೆದರುವಂಥದ್ದೇನೂ ಇಲ್ಲ.

ಇವೆರಡರ ನಡುವೆ ಸಿಕ್ಕಿಕೊಂಡ ಕಡಸಿಗೆ ಹೋರಿ ಯಾವುದು ಎಂಬುದು ಮುಖ್ಯವಾಗುತ್ತದೆ. ನಾಟಿ ಬಸವನಿಂದಾದ ಕರು ಎಚ್‌ಎಫ್‌ನದಕ್ಕಿಂತ ಹಗುರ, ಜರ್ಸಿಯದೂ ಸಣ್ಣದೇ. ದೊಡ್ಡ ಎಚ್‌ಎಫ್ ಹೋರಿಯದಾದರೆ ಇಳಿಸುವ ಕಡೆಗೇ ವಾಲಿ. ಇನ್ನೂ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಬೇಸಿಗೆಯಲ್ಲಿ ನಿಮ್ಮಲ್ಲಿ ಹಸಿಮೇವು ಇರುತ್ತದೆಯೇ? ಬೋರ್ ಬತ್ತುವ ಜಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ 600 ಗ್ರಾಂ ಬೆಳವಣಿಗೆ ಕಾಗದದ ಮೇಲಿನ ಮಾತು.

ಗಬ್ಬ ಇಳಿಸುವುದು ಪಾಪ ಎನ್ನುವ ಹಿಂಜರಿಕೆ ನಮ್ಮ ಮನೆಗಳಲ್ಲಿದೆ. ಅಜ್ಜಿಯಂದಿರು ‘ದೇವರು ಕೊಟ್ಟದ್ದು, ಇರಲಿ ಬಿಡು’ ಎನ್ನುತ್ತಾರೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕರು ಸಿಕ್ಕಿಕೊಂಡು ರಾತ್ರಿಯಿಡೀ ತಿಣುಕಿ ತಾಯಿಯೂ ಕರುವೂ ಹೋದ ಕೊಟ್ಟಿಗೆಯನ್ನು ಒಮ್ಮೆ ನೋಡಿದವರು ಆಮೇಲೆ ಡಾಕ್ಟರ ಮಾತಿಗೆ ಕಿವಿಗೊಡುತ್ತಾರೆ. ಉಳಿಸಲೇಬೇಕೆಂಬ ಮನಸ್ಸಿದ್ದರೆ ಉಳಿಸಿ, ಅದರ ಮೇವಿನ ಖರ್ಚು, ಸಿಸೇರಿಯನ್ ಖರ್ಚು ಎರಡನ್ನೂ ಈಗಲೇ ತೆಗೆದಿಟ್ಟು ಉಳಿಸಿ.

ಇಳಿಸುವುದಾದರೆ

ಇದು ಪೂರ್ತಿ ಡಾಕ್ಟರ ಕೆಲಸ. ಮೆಡಿಕಲ್ ಸ್ಟೋರಿನಿಂದ ಔಷಧಿ ತಂದು ನೀವೇ ಚುಚ್ಚುವ ವಿಷಯವೇ ಅಲ್ಲ. ಪಪ್ಪಾಯಿ ಕಾಯಿ, ಬೆಲ್ಲ, ಎಳ್ಳು ತಿನ್ನಿಸಿ ಕಾಯುವುದೂ ಬೇಡ, ಅದರಲ್ಲಿ ವಾರಗಳು ಹೋಗುತ್ತವೆ, ನಾಲ್ಕು ತಿಂಗಳ ಗಡುವೂ ಹೋಗುತ್ತದೆ.

ನಾಲ್ಕು ತಿಂಗಳ ಒಳಗೆ ಪ್ರೋಸ್ಟಾಗ್ಲಾಂಡಿನ್ ಒಂದೇ ಸಾಮಾನ್ಯವಾಗಿ ಸಾಕಾಗುತ್ತದೆ. ವಾರದೊಳಗೆ ಕಡಸು ಕಂದು (ಬಲಿಯದ ಕರು) ಹಾಕುತ್ತದೆ. ಐದನೇ ತಿಂಗಳಿಂದ ಗಬ್ಬವನ್ನು ಹಿಡಿದಿಡುವ ಹಾರ್ಮೋನು ಸತ್ತೆಯಿಂದಲೂ ಬರತೊಡಗುತ್ತದೆ. ಆಗ ಸ್ಟೀರಾಯ್ಡ್ ಇಂಜೆಕ್ಷನ್ನೂ ಸೇರಿಸಬೇಕಾಗುತ್ತದೆ, ಸತ್ತೆ ಒಳಗೇ ಉಳಿಯುವ, ಗರ್ಭಕೋಶ ಕೀವಾಗುವ, ಕಂದು ಅಡ್ಡ ಸಿಕ್ಕಿಕೊಳ್ಳುವ ಅಪಾಯ ಏರುತ್ತಾ ಹೋಗುತ್ತದೆ. ಆರು, ಏಳು ತಿಂಗಳಲ್ಲಿ ಇಳಿಸಿ ಎಂದು ಡಾಕ್ಟರನ್ನು ಒತ್ತಾಯಿಸಬೇಡಿ. ಆ ಹೊತ್ತಿಗೆ ಉಳಿಸಿಕೊಂಡು ಚೆನ್ನಾಗಿ ನೋಡಿಕೊಳ್ಳುವುದೇ ಕಡಿಮೆ ಅಪಾಯದ ದಾರಿ.

ಮನೆಯವರಿಗೆ ಒಂದು ಎಚ್ಚರಿಕೆ. ಪ್ರೋಸ್ಟಾಗ್ಲಾಂಡಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಬಸುರಿ ಹೆಂಗಸರು, ಉಬ್ಬಸ ಇರುವವರು ಆ ಸೀಸೆಯನ್ನಾಗಲಿ ಸಿರಿಂಜನ್ನಾಗಲಿ ಮುಟ್ಟಲೇಬಾರದು. ಬೆಂಗಳೂರು ಸುತ್ತ ಕೊಟ್ಟಿಗೆ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲೇ ಇರುವುದರಿಂದ ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ.

ಎರಡು ತಿಂಗಳ ಗಬ್ಬವಾದರೆ ಬಿದ್ದದ್ದು ನಿಮ್ಮ ಕಣ್ಣಿಗೇ ಬೀಳದಿರಬಹುದು. ಕಂದು ಬೆರಳುದ್ದ ಅಷ್ಟೆ, ಸಗಣಿಯಲ್ಲಿ ಸೇರಿಹೋಗುತ್ತದೆ. ನಾಲ್ಕು ತಿಂಗಳದ್ದು ಗೇಣಿಗಿಂತ ಉದ್ದ, ಕಾಣದೆ ಇರದು. ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಆಳದಲ್ಲಿ ಸುಣ್ಣ ಹಾಕಿ ಹೂಳಿ. ಇಂಜೆಕ್ಷನ್ ಇಲ್ಲದೆ ತಾನಾಗಿಯೇ ಕಂದು ಹಾಕಿದ ಕಡಸಾದರೆ ಬ್ರುಸೆಲ್ಲಾ, ಅಂದರೆ ಕಂದುರೋಗದ ಪರೀಕ್ಷೆ ಮಾಡಿಸಿ. ಕಂದುರೋಗ ಮನುಷ್ಯರಿಗೂ ಅಂಟುತ್ತದೆ. ಎರಡು ವಾರದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಹೊಟ್ಟೆ ಖಾಲಿಯಾಗಿದೆ ಎಂದು ಖಚಿತಪಡಿಸಿಕೊಳ್ಳುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಜ್ವರ, ನಾರುವ ಸ್ರಾವ, ಮೇವು ಬಿಡುವುದು ಕಂಡರೆ ಎರಡು ವಾರ ಕಾಯದೆ ಅವತ್ತೇ ಕರೆಸಿ.

ಉಳಿಸುವುದಾದರೆ: ಹೊಟ್ಟೆಗೆ ಹಾಕುವುದು

‘ಮೇವು ಕಮ್ಮಿ ಮಾಡಿದ್ರೆ ಕರು ಸಣ್ಣದಾಗತ್ತೆ, ಸಲೀಸಾಗಿ ಈಯತ್ತೆ ಅಲ್ವಾ ಸಾರ್?’ ಈ ಪ್ರಶ್ನೆ ಬರದ ಊರಿಲ್ಲ. ಇಲ್ಲ. ಹೊಟ್ಟೆಯ ಕರು ತನ್ನ ಪಾಲನ್ನು ತಾಯಿಯ ಮೈಯಿಂದ ಕಿತ್ತುಕೊಂಡು ಬೆಳೆಯುತ್ತದೆ. ಉಪವಾಸ ಬೀಳುವುದು ಕಡಸಿನ ಸೊಂಟ, ಸೊರಗುವುದು ಅದರ ಸ್ನಾಯು. ಕೊನೆಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕರು, ಇನ್ನೂ ಚಿಕ್ಕ ದಾರಿ, ತಿಣುಕಲು ತ್ರಾಣವಿಲ್ಲದ ತಾಯಿ. ಹಾಗೆಂದು ಗಬ್ಬ ಎಂದು ಗೊತ್ತಾದ ದಿನದಿಂದ ಬಕೆಟ್ ಬಕೆಟ್ ಫೀಡ್ ಸುರಿದರೆ ಸೊಂಟದೊಳಗೆ ಕೊಬ್ಬು ತುಂಬಿ ಅದೇ ದಾರಿ ಒಳಗಿನಿಂದ ಕಿರಿದಾಗುತ್ತದೆ. ನಮಗೆ ಬೇಕಾದದ್ದು ಮೂಳೆ, ಮಾಂಸದ ಬೆಳವಣಿಗೆ. ಅದಕ್ಕೆ ಪ್ರೋಟೀನ್ ಬೇಕು, ಖನಿಜ ಬೇಕು, ಮೊದಲ ಐದಾರು ತಿಂಗಳಲ್ಲೇ ಬೇಕು. ಕರುವಿನ ತೂಕದ ಮೂರನೇ ಎರಡು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಅಷ್ಟರೊಳಗೆ ತಾಯಿಯನ್ನು ಬೆಳೆಸಿಬಿಡಬೇಕು.

200 ಕಿಲೋ ಕಡಸಿಗೆ ದಿನಕ್ಕೆ ಐದು ಕಿಲೋ ಒಣ ಅಂಶ (ನೀರಿನಂಶ ಕಳೆದ ಮೇವಿನ ತೂಕ) ಲೆಕ್ಕ. ಅಂದರೆ ಹತ್ತು ಹನ್ನೆರಡು ಕಿಲೋ ಹಸಿಮೇವು, ಒಂದೂವರೆ ಕಿಲೋ ರಾಗಿಹುಲ್ಲು, ಒಂದೂವರೆ ಕಿಲೋ ಪಶು ಆಹಾರ. ಡೈರಿಯಲ್ಲಿ ಸಿಗುವ ನಂದಿನಿ ಫೀಡೇ ಆದೀತು. ಇದಕ್ಕೆ 30–40 ಗ್ರಾಂ ಖನಿಜ ಮಿಶ್ರಣ, ಒಂದು ಚಿಟಿಕೆಗಿಂತ ಹೆಚ್ಚೇ ಎನ್ನುವಷ್ಟು ಉಪ್ಪು. ಮೈ ಹೆಚ್ಚಿದ ಹಾಗೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಏರಿಸಿ. ಹಸಿಮೇವೆಂದರೆ ಬರೀ ನೇಪಿಯರ್ ಸಾಲದು, ಅದು ಹೊಟ್ಟೆ ತುಂಬಿಸುತ್ತದೆ, ಪ್ರೋಟೀನ್ ಕಡಿಮೆ. ಕುದುರೆಮಸಾಲೆ, ಅಲಸಂದೆ ಬಳ್ಳಿ, ಅಗಸೆಸೊಪ್ಪು, ನುಗ್ಗೆಸೊಪ್ಪು, ಏನು ಸಿಕ್ಕರೂ ಮೂರನೇ ಒಂದು ಪಾಲು ಅದಿರಲಿ. ರಾಗಿಹುಲ್ಲು ಸುಣ್ಣದ ಅಂಶದಲ್ಲಿ ಭತ್ತದ ಹುಲ್ಲಿಗಿಂತ ಮೇಲು. ಭತ್ತದ ಹುಲ್ಲೇ ಗತಿಯಾದರೆ ಖನಿಜ ಮಿಶ್ರಣ ಒಂದು ದಿನವೂ ತಪ್ಪಬಾರದು. ಯಾವ ಪ್ರದೇಶದ ಮೇವಿನಲ್ಲಿ ಯಾವ ಖನಿಜ ಕೊರತೆ ಎಂದು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಕೆಲಸ ಮಾಡಿದ್ದಾರೆ. ನಿಮ್ಮ ತಾಲ್ಲೂಕಿಗೆ ಹೊಂದುವ ಮಿಶ್ರಣ ಯಾವುದೆಂದು ಪಶು ಆಸ್ಪತ್ರೆಯಲ್ಲಿ ಕೇಳಿ.

ನಗರಕ್ಕೆ ಅಂಟಿಕೊಂಡ ಕೊಟ್ಟಿಗೆಗಳಿಗೆ ಎರಡು ಮಾತು. ಕಲ್ಯಾಣ ಮಂಟಪದಿಂದ ಬರುವ ಉಳಿದ ಅನ್ನ, ಹೋಟೆಲ್ ಮುಸುರೆ ಗಬ್ಬದ ಕಡಸಿಗೆ ಬೇಡವೇ ಬೇಡ. ಒಂದೇ ಸಲ ಬುಟ್ಟಿ ಅನ್ನ ತಿಂದರೆ ಹೊಟ್ಟೆಯಲ್ಲಿ ಹುಳಿಯೇರಿ ದನ ಮಲಗಿಬಿಡುತ್ತದೆ. ಮದುವೆ ಸೀಸನ್‌ನಲ್ಲಿ ಇಂಥ ಪ್ರಸಂಗಗಳು ಕಟ್ಟಿಟ್ಟ ಬುತ್ತಿ. ಬಿಯರ್ ವೇಸ್ಟಿನಲ್ಲಿ ಪ್ರೋಟೀನ್ ಇದೆ, ಹೊಸದಾದರೆ ಒಂದೆರಡು ಕಿಲೋ ಕೊಡಬಹುದು. ಬೂಷ್ಟು ಬಂದಿದ್ದರೆ ಗೊಬ್ಬರದ ಗುಂಡಿಗೆ.

ಜಂತುಹುಳದ ಔಷಧಿ ಕೊಡಿಸುವಾಗ ಗಬ್ಬ ಎಂದು ಹೇಳುವುದನ್ನು ಮರೆಯಬೇಡಿ. ಆಲ್ಬೆಂಡಜೋಲ್ ಅನ್ನು ಮೊದಲ ಒಂದೂವರೆ ತಿಂಗಳ ಗಬ್ಬದಲ್ಲಿ ಕೊಡಬಾರದು, ಫೆನ್‌ಬೆಂಡಜೋಲ್ ಸುರಕ್ಷಿತ. ಕಂದುರೋಗದ ಲಸಿಕೆಯನ್ನು 4–8 ತಿಂಗಳ ಹೆಣ್ಣುಗರುಗಳಿಗೆ ಒಮ್ಮೆ ಹಾಕುತ್ತಾರೆ. ಅದು ತಪ್ಪಿಹೋಗಿದ್ದರೆ ಗಬ್ಬದಲ್ಲಿ ಹಾಕಿಸಬೇಡಿ.

ಕಡಸನ್ನು ದೊಡ್ಡ ಹಸುಗಳ ಸಾಲಿನಲ್ಲಿ ಕಟ್ಟಿದರೆ ಅದರ ಬಾನಿಯ ಅರ್ಧ ಪಕ್ಕದವಳ ಹೊಟ್ಟೆಗೆ ಹೋಗುತ್ತದೆ. ಬೇರೆ ಕಟ್ಟಿ. ಹಿಂಭಾಗ ತಗ್ಗಿಗೆ ಬೀಳುವ ಇಳಿಜಾರಿನಲ್ಲಿ ಕಟ್ಟಬೇಡಿ, ಮೈ (ಯೋನಿಯ ಭಾಗ) ಹೊರಬರುವುದಕ್ಕೆ ಅದೂ ಒಂದು ಕಾರಣ. ಪ್ರತಿ ತಿಂಗಳು ಒಂದೇ ತಾರೀಖಿಗೆ ಟೇಪ್ ಹಿಡಿಯಿರಿ. ತಿಂಗಳಿಗೆ ಹದಿನೈದು ಕಿಲೋ ಏರದಿದ್ದರೆ ಮೇವು ಸರಿಯಿಲ್ಲ, ಇಲ್ಲವೇ ಹುಳವಿದೆ.

ಈಯುವ ದಿನ

ಇದರ ತಯಾರಿ ಎಂಟನೇ ತಿಂಗಳಿಗೇ ಶುರುವಾಗಬೇಕು. ಆಗ ಡಾಕ್ಟರನ್ನು ಇನ್ನೊಮ್ಮೆ ಕರೆಸಿ ಕರುವಿನ ಗಾತ್ರ, ಸೊಂಟದ ದಾರಿ ನೋಡಿಸಿ. ‘ಸಿಸೇರಿಯನ್ ಬೇಕಾದೀತೇ, ನೀವು ಮಾಡುತ್ತೀರಾ, ರಾತ್ರಿ ಬರುತ್ತೀರಾ’ ಎಂದು ನೇರವಾಗಿ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ ನಿಜ, ಆದರೆ ನೋವು ತಿನ್ನುತ್ತಿರುವ ಕಡಸನ್ನು ಟೆಂಪೋದಲ್ಲಿ ಹೇರಿ ಮಾಗಡಿಯಿಂದ ಸಂಜೆ ಆರು ಗಂಟೆಗೆ ಹೆಬ್ಬಾಳ ಫ್ಲೈಓವರ್ ದಾಟುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ದನದ ಸಿಸೇರಿಯನ್ ಅನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಟ್ಟಿಗೆಯಲ್ಲೇ ಮಾಡುತ್ತಾರೆ. ಹಾಗೆ ಮಾಡುವವರ ನಂಬರ್ ಮೊದಲೇ ಗೋಡೆಯ ಮೇಲಿರಲಿ. ಸಂಚಾರಿ ಪಶು ಚಿಕಿತ್ಸೆಯ 1962 ಕೂಡ ಅಲ್ಲೇ ಬರೆದಿಡಿ.

ಬಾಲದ ಬುಡದ ಎರಡೂ ಬದಿ ಕುಸಿದು ಗುಂಡಿ ಬಿದ್ದರೆ, ಕೆಚ್ಚಲು ಬಿಗಿದು ಮೊಲೆ ನಿಗುರಿದರೆ ಒಂದೆರಡು ದಿನದ ಮಾತು. ನೋವು ಶುರುವಾಗಿ ಎದ್ದು ಮಲಗಿ ಮಾಡುವುದು ಚೊಚ್ಚಲಿನಲ್ಲಿ ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಸುತ್ತ ಜನ ನಿಂತರೆ ಅದು ಇನ್ನೂ ತಡವಾಗುತ್ತದೆ. ಒಬ್ಬರು ದೂರದಲ್ಲಿ ಕೂತು ನೋಡಿ. ನೀರಿನ ಚೀಲ ಕಂಡ ಗಳಿಗೆಯಿಂದ ಗಡಿಯಾರ ಹಿಡಿಯಿರಿ. ಒಂದು ಗಂಟೆಯಲ್ಲಿ ಕೆಲಸ ಮುಂದುವರಿಯದಿದ್ದರೆ ಡಾಕ್ಟರ್ ಬೇಕೇಬೇಕು ಎಂಬುದು ಎಲ್ಲ ಚೊಚ್ಚಲಿಗೂ ಇರುವ ನಿಯಮ. ನಿಮ್ಮದು ಚಿಕ್ಕ ಕಡಸು ಎಂದು ಮೊದಲೇ ಗೊತ್ತಿರುವುದರಿಂದ ಚೀಲ ಕಂಡ ಕೂಡಲೇ ಫೋನ್ ಮಾಡಿಬಿಡಿ. ಅವರು ಬರುವಷ್ಟರಲ್ಲಿ ಕರು ಬಿದ್ದಿದ್ದರೆ ಕಾಫಿ ಕೊಟ್ಟು ಕಳಿಸಿದರಾಯಿತು.

ಕಾಯುವಾಗ ಕೈ ತೊಳೆದು ಒಮ್ಮೆ ನೋಡಬಹುದು. ಗೊರಸಿನ ಅಂಗಾಲು ನೆಲದ ಕಡೆಗಿದ್ದು ಎರಡು ಕಾಲಿನ ಮೇಲೆ ಮೂಗು ಸಿಕ್ಕರೆ ಕರು ಸರಿಯಾಗಿ ಬರುತ್ತಿದೆ. ಅಂಗಾಲು ಮೇಲ್ಮುಖವಾಗಿದ್ದರೆ ಬಹುಶಃ ಹಿಂಗಾಲು. ಖಚಿತಪಡಿಸಲು ಕಾಲಿನ ಗುಂಟ ಮೇಲಕ್ಕೆ ಸವರಿ: ಮೊದಲ ಎರಡು ಕೀಲುಗಳೂ ಒಂದೇ ಕಡೆಗೆ ಮಡಿದರೆ ಮುಂಗಾಲು, ಒಂದೊಂದು ಒಂದೊಂದು ಕಡೆಗೆ ಮಡಿದರೆ ಹಿಂಗಾಲು. ಹೊರಬಂದ ಮುಂಗಾಲುಗಳು ಒಂದರ ಮೇಲೊಂದು ಅಡ್ಡವಾಗಿದ್ದು, ಎಷ್ಟು ತಿಣುಕಿದರೂ ತಲೆ ಸೊಂಟದ ಮೂಳೆಯೊಳಗೆ ಇಳಿಯದಿದ್ದರೆ ಭುಜ ಒಳಗೆ ಬಿಗಿದುಕೊಂಡಿದೆ, ಕರು ದಾರಿಗಿಂತ ದೊಡ್ಡದು. ಆಗ ಎಳೆಯಲೇಬೇಡಿ, ಅದಕ್ಕೆ ಸಿಸೇರಿಯನ್ನೇ ದಾರಿ.

ಎಳೆಯಬಹುದಾದ ಕರುವಾದರೂ ಇಬ್ಬರಿಗಿಂತ ಹೆಚ್ಚು ಜನ ಹಗ್ಗಕ್ಕೆ ಕೈ ಹಾಕಬಾರದು. ಊರ ಹುಡುಗರು ಆರು ಜನ ಸೇರಿ ಎಳೆದದ್ದು, ಇನ್ನೂ ಮುಂದೆ ಹೋಗಿ ಬೈಕಿಗೆ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದದ್ದು, ಇವೆಲ್ಲ ಕಡಸಿನ ಸೊಂಟದ ನರ ಹರಿದು ಅದು ಮತ್ತೆ ಏಳದಂತೆ ಮಾಡುವ ದಾರಿಗಳು. ಹಗ್ಗ ಮೃದುವಾಗಿರಲಿ, ಗೊರಸಿನ ಮೇಲಿನ ಕೀಲಿನಿಂದ ಮೇಲಕ್ಕೆ ಒಂದು ಕುಣಿಕೆ, ಕೀಲಿನ ಕೆಳಗೆ ಇನ್ನೊಂದು ಅರೆಗಂಟು, ಹೀಗೆ ಹಾಕಿದರೆ ಎಳೆತ ಎರಡು ಕಡೆ ಹಂಚಿಹೋಗಿ ಕರುವಿನ ಕಾಲು ಮುರಿಯುವುದಿಲ್ಲ. ಕಡಸು ತಿಣುಕಿದಾಗ ಮಾತ್ರ ಎಳೆಯಿರಿ, ಅದು ಬಿಟ್ಟಾಗ ಬಿಡಿ. ಒಂದು ಕಾಲು ಸ್ವಲ್ಪ, ಮತ್ತೊಂದು ಕಾಲು ಸ್ವಲ್ಪ, ಭುಜ ಒಂದಾದ ಮೇಲೆ ಒಂದು ದಾಟುತ್ತದೆ. ಒಣಗಿದ್ದರೆ ಲಿಕ್ವಿಡ್ ಪ್ಯಾರಾಫಿನ್ ಧಾರಾಳವಾಗಿ ಸುರಿಯಿರಿ. ಭುಜ ಬರುವವರೆಗೆ ನೇರಕ್ಕೆ, ಆಮೇಲೆ ಕಡಸಿನ ಹಿಂಗಾಲಿನ ಕಡೆಗೆ ಕೆಳಕ್ಕೆ.

ಕರು ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ತೆಗೆದು, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಎರಡು ಗಂಟೆಯೊಳಗೆ ಒಂದೂವರೆ, ಎರಡು ಲೀಟರ್ ಗಿಣ್ಣುಹಾಲು ಹೊಟ್ಟೆಗೆ ಹೋಗಲೇಬೇಕು. ಚಿಕ್ಕ ಕಡಸಿಗೆ ಗಿಣ್ಣುಹಾಲು ಕಡಿಮೆಯೇ. ಕೊಟ್ಟಿಗೆಯ ಬೇರೆ ಹಸು ಈದಾಗ ಒಂದೆರಡು ಬಾಟಲಿ ಫ್ರೀಜರ್‌ನಲ್ಲಿಟ್ಟಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಕುದಿಸಬೇಡಿ, ಕೈಗೆ ತಾಳುವ ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ. ಅಕ್ಕಪಕ್ಕದವರು ಗಿಣ್ಣಿಗೆಂದು ಪಾತ್ರೆ ಹಿಡಿದು ಬರುತ್ತಾರೆ, ಈ ಸಲ ಬರಿಗೈಯಲ್ಲಿ ಕಳಿಸಿ. ಸತ್ತೆ ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಎಳೆಯಬೇಡಿ, ಅದಕ್ಕೆ ಕಲ್ಲು ಕಟ್ಟಬೇಡಿ, ಡಾಕ್ಟರಿಗೆ ಹೇಳಿ.

ಈದ ಮೇಲೆ

ಕೆಚ್ಚಲಿನಲ್ಲಿ ಹಾಲಿದೆ ಎಂದು ಕಡೆಯ ಹನಿಯವರೆಗೂ ಹಿಂಡುವ ಆಸೆಗೆ ಈ ಸೂಲಿನಲ್ಲಿ ಕಡಿವಾಣ ಹಾಕಿ. ಈ ಹಸು ಇನ್ನೂ ಬೆಳೆಯುತ್ತಿದೆ. ಚೊಚ್ಚಲು ಹಸುವಿಗೆ ಮೈ ನಿರ್ವಹಣೆಯ ಮೇವಿನ ಮೇಲೆ ನೂರಕ್ಕೆ 20 ಹೆಚ್ಚು ಕೊಡಬೇಕೆಂಬುದು ಸಾಮಾನ್ಯ ಲೆಕ್ಕ. ಬಲಿಯದೆ ಈದದ್ದಕ್ಕೆ ಅದಕ್ಕಿಂತ ಕಡಿಮೆಯಂತೂ ಆಗದು. ಕರುವನ್ನು ಬೇಗ ಬಕೆಟ್ ಹಾಲಿಗೆ, ಫೀಡಿಗೆ ರೂಢಿಸಿ. ಮುಂದಿನ ಗಬ್ಬಕ್ಕೆ ಅವಸರ ಬೇಡ, ತೂಕ ಮತ್ತೆ ಏರತೊಡಗಿದ ಮೇಲೆಯೇ ಸೆಮೆನ್ ಹಾಕಿಸಿ. ಪಕ್ಕೆಲುಬು ಎಣಿಸುವಂತಿದ್ದರೆ ಹಾಲು ಬೇಗ ಬತ್ತಿಸಿ, ಎರಡು ತಿಂಗಳಿಗೂ ಹೆಚ್ಚು ವಿಶ್ರಾಂತಿ ಕೊಡಿ. ಈ ಸಲದ ಹಾಲಿನ ಲೆಕ್ಕ ನೋಡಿ ಹಸು ದಂಡ ಎಂದು ಮಾರಿಬಿಡುವವರಿದ್ದಾರೆ. ಎರಡನೇ ಸೂಲಿನವರೆಗೆ ಕಾದು ನೋಡದೆ ತೀರ್ಮಾನ ಮಾಡಬೇಡಿ, ಮೈ ಹಿಡಿಸಿದ ಹಸು ಬಹಳ ಸಲ ಹಾಲಿಗೂ ಬರುತ್ತದೆ.

ಇಳಿಸಿದ ಕಡಸಿಗೂ ಹೀಗೇ. ತೂಕ ಮುಟ್ಟಿದ ಮೇಲೆ, ವಯಸ್ಸು ಹದಿನೈದು ತಿಂಗಳು ದಾಟಿದ ಮೇಲೆ ಸೆಮೆನ್ ಹಾಕಿಸಿ. ಸೊಂಟ ಸಣ್ಣದು ಎಂದು ಡಾಕ್ಟರ್ ಹೇಳಿದ್ದರೆ ಮೊದಲ ಸಲ ಜರ್ಸಿ ಸೆಮೆನ್ ಕೇಳಿ.

ಉಳಿದ ಕರುಗಳಿಗೆ

ಗಂಡು, ಹೆಣ್ಣು ಕರುಗಳನ್ನು ಆರು ತಿಂಗಳಿಗೇ ಬೇರೆ ಕಟ್ಟಿ. ಅಣ್ಣ ತಂಗಿ ಎಂಬ ಲೆಕ್ಕ ಅವಕ್ಕಿಲ್ಲ. ಕಡಸಿಗೆ ಎಂಟು ತಿಂಗಳಾದ ಮೇಲೆ ಮೇಯಲು ಬಿಡುವುದಿದ್ದರೆ ಜೊತೆಗೆ ಆಳಿರಬೇಕು. ಬೆದೆಯ ತಾರೀಖು ಬರೆದಿಟ್ಟುಕೊಂಡರೆ ಮುಂದಿನದು ಇಪ್ಪತ್ತೊಂದು ದಿನಕ್ಕೆ ಎಂದು ಗೊತ್ತಾಗುತ್ತದೆ, ಆ ಎರಡು ಮೂರು ದಿನ ಕೊಟ್ಟಿಗೆ ಬಿಡಿಸಬೇಡಿ. ಗಂಡುಗರುವಿಗೆ ಬರ್ಡಿಜೋ ಇಕ್ಕಳದಿಂದ ಬೀಜ ಒಡೆಸಿದ್ದರೆ ಅವತ್ತಿನಿಂದಲೇ ನಿಶ್ಚಿಂತೆ ಎಂದುಕೊಳ್ಳಬೇಡಿ. ಮುಂಚೆಯೇ ತಯಾರಾದ ವೀರ್ಯ ಒಳಗೆ ಇನ್ನೂ ಇರುತ್ತದೆ, ಒಂದೆರಡು ತಿಂಗಳು ಕಡಸುಗಳಿಂದ ದೂರವೇ ಕಟ್ಟಿ.